‘10 ವರ್ಷ ವಾರಂಟಿ’ ಇದ್ದರೂ ತಾರಸಿ ಸೋರ್ತಿದೆ: ಆ ಕಾಗದದಲ್ಲಿ ನಿಜವಾಗಿ ಏನಿರುತ್ತೆ?

ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇವೆ, ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.



ಮಳೆಗಾಲ ಶುರುವಾಗಿ ಎರಡು ವಾರ ಆಗೋದ್ರೊಳಗೆ ತುಂಬಾ ಮನೆಗಳ ಫ್ಯಾಮಿಲಿ ಗ್ರೂಪಿಗೆ ಒಂದು ಫೋಟೊ ಬರುತ್ತೆ. ಹಾಲ್‌ನ ಸೀಲಿಂಗು, ಫ್ಯಾನಿನ ಪಕ್ಕದಲ್ಲಿ ಕಂದು ಬಣ್ಣದ ಒಂದು ಮಚ್ಚೆ. ಕೆಳಗೆ ಅಪ್ಪನ ಮೆಸೇಜು: ‘ಮೂರು ವರ್ಷದ ಹಿಂದೆ ತಾನೆ ವಾಟರ್‌ಪ್ರೂಫಿಂಗ್ ಮಾಡ್ಸಿದ್ದು? 10 ವರ್ಷ ವಾರಂಟಿ ಅಂದಿದ್ರಲ್ಲ, ಆ ಪೇಪರ್ ಎಲ್ಲಿದೆ ನೋಡು.’ ಪೇಪರ್ ಸಿಗುತ್ತೆ. ಕೆಲಸ ಮಾಡಿದವರಿಗೆ ಫೋನ್ ಮಾಡಿದ್ರೆ, ‘ಸರ್, ವಾರಂಟಿ ಕಂಪನಿದು, ಅವರನ್ನೇ ಕೇಳಿ’ ಅಂತಾರೆ. ಕಂಪನಿಗೆ ಫೋನ್ ಮಾಡಿದ್ರೆ, ‘ನಮ್ಮ ಮಟೀರಿಯಲ್‌ನಲ್ಲಿ ದೋಷ ಇಲ್ಲ, ಹಚ್ಚಿದ ರೀತಿ ಸರಿ ಇಲ್ಲ, ಕೆಲಸದವರನ್ನ ಕೇಳಿ’ ಅಂತಾರೆ.

ಈ ಇಬ್ಬರೂ ಸುಳ್ಳು ಹೇಳ್ತಿಲ್ಲದೇ ಇರಬಹುದು. ಸಮಸ್ಯೆ ಇರೋದೇ ಅಲ್ಲಿ. ಅವರವರ ಕಾಗದದ ಪ್ರಕಾರ ಇಬ್ಬರೂ ಸರಿ, ನಡುವೆ ನಿಮ್ಮ ದುಡ್ಡು ಹೋಗಿದೆ, ನೀರು ಇನ್ನೂ ತೊಟ್ಟಿಕ್ಕುತ್ತಾ ಇದೆ. ಹಾಗಾಗಿ ಇವತ್ತು ತಾರಸಿ ಅಥವಾ ಛಾವಣಿಯ ವಾರಂಟಿ ಅಂದ್ರೆ ಏನು, ಎಷ್ಟು ವರ್ಷ ಅನ್ನೋದಕ್ಕಿಂತ ಬೇರೆ ಯಾವ ಸಾಲುಗಳನ್ನ ಓದಬೇಕು ಅನ್ನೋದನ್ನ ಮಾತಾಡೋಣ. ಬಾಡಿಗೆ ಮನೇಲಿದ್ದೀವಿ, ನಮಗ್ಯಾಕೆ ಇದು ಅಂದ್ಕೋಬೇಡಿ. ಊರಲ್ಲಿರೋ ಮನೆಯ ಕೊಟೇಶನ್ ಕೊನೆಗೆ ಬರೋದು ನಿಮ್ಮ ಫೋನಿಗೇ.

ಒಂದು ತಾರಸಿ, ಎರಡು ವಾರಂಟಿ

ಮೊದಲ ವಿಷಯ ಇದು. ನೀವು ‘ವಾರಂಟಿ’ ಅಂತ ಒಂದೇ ಪದ ಬಳಸ್ತೀರಿ, ಆದ್ರೆ ಅಲ್ಲಿ ಎರಡು ಬೇರೆ ಬೇರೆ ಭರವಸೆ ಇರುತ್ತೆ. ಒಂದು ವಸ್ತುವಿನದ್ದು, ಇನ್ನೊಂದು ಕೆಲಸದ್ದು.

ವಸ್ತುವಿನ ವಾರಂಟಿ ಅಂದ್ರೆ ಆ ಬಕೆಟ್‌ನಲ್ಲಿರೋ ಕೋಟಿಂಗ್, ಆ ರೋಲ್‌ನಲ್ಲಿರೋ ಮೆಂಬ್ರೇನ್, ಆ ಶೀಟು. ಇದನ್ನ ಕೊಡೋದು ತಯಾರಿಸಿದ ಕಂಪನಿ. ‘ನಾವು ಹೇಳಿದ ಹಾಗೆ ಹಚ್ಚಿದ್ರೆ ನಮ್ಮ ವಸ್ತು ಇಷ್ಟು ವರ್ಷ ಹಾಳಾಗಲ್ಲ’ ಅನ್ನೋದು ಅದರ ಅರ್ಥ. ಮನೆ ಸೋರಲ್ಲ ಅಂತ ಅಲ್ಲ. ಈ ಎರಡು ವಾಕ್ಯದ ನಡುವೆ ಇರೋ ಅಂತರದಲ್ಲೇ ಅರ್ಧಕ್ಕರ್ಧ ಜಗಳ ಹುಟ್ಟೋದು.

ಕೆಲಸದ ವಾರಂಟಿ ಅಂದ್ರೆ ತಾರಸಿ ತೊಳೆದು, ಬಿರುಕು ತುಂಬಿ, ಪ್ರೈಮರ್ ಹೊಡೆದು, ಎರಡೋ ಮೂರೋ ಕೋಟ್ ಹಚ್ಚಿದವರು ಕೊಡೋದು. ತಾರಸಿ ಸೋರೋಕೆ ಕಾರಣ ಹೆಚ್ಚಿನ ಸಲ ಇಲ್ಲೇ ಇರುತ್ತೆ: ಒದ್ದೆ ಇರುವಾಗಲೇ ಹಚ್ಚಿದ್ದು, 20 ಲೀಟರ್ ಬೇಕಾದ ಕಡೆ ನೀರು ಬೆರೆಸಿ 12 ಲೀಟರ್‌ನಲ್ಲಿ ಮುಗಿಸಿದ್ದು, ಪ್ಯಾರಾಪೆಟ್ ಗೋಡೆ ಮತ್ತು ತಾರಸಿ ಸೇರೋ ಮೂಲೆಯಲ್ಲಿ ಕೋಟಿಂಗನ್ನ ಗೋಡೆ ಮೇಲಕ್ಕೆ ಎಳೆಯದೇ ಬಿಟ್ಟಿದ್ದು. ಇದ್ಯಾವುದೂ ಬಕೆಟ್‌ನ ದೋಷ ಅಲ್ಲ. ಹಾಗಾಗಿ ಕಂಪನಿಯ 10 ವರ್ಷದ ಕಾಗದ ಎಷ್ಟೇ ಚೆನ್ನಾಗಿದ್ರೂ ಇಲ್ಲಿ ಉಪಯೋಗಕ್ಕೆ ಬರಲ್ಲ.

ಕೆಲವು ದೊಡ್ಡ ಕಂಪನಿಗಳು ತಾವೇ ಒಪ್ಪಿದ ಅಪ್ಲಿಕೇಟರ್‌ಗಳ ಮೂಲಕ ಕೆಲಸ ಮಾಡಿಸಿದ್ರೆ ಎರಡನ್ನೂ ಸೇರಿಸಿದ ವಾರಂಟಿ ಕೊಡುತ್ವೆ. ಅದು ಒಳ್ಳೇದು. ಆದ್ರೆ ಎರಡನ್ನ ನೋಡ್ಕೋಬೇಕು. ಕಾಗದದಲ್ಲಿ ನಿಮ್ಮ ಹೆಸರು, ಮನೆಯ ವಿಳಾಸ, ಎಷ್ಟು ಚದರಡಿ, ಯಾವ ವಸ್ತು, ಎಷ್ಟು ಕೋಟ್ ಅಂತ ಇದೆಯಾ? ಕೆಳಗೆ ಸಹಿ ಯಾರದ್ದು, ಕಂಪನಿಯದ್ದೋ, ಅಂಗಡಿಯವರದ್ದೋ? ಅಂಗಡಿಯವರು ಕಂಪನಿಯ ಲೋಗೊ ಇರೋ ಬ್ರೋಷರ್‌ನ ಹಿಂಬದಿಯಲ್ಲಿ ‘10 ವರ್ಷ’ ಅಂತ ಪೆನ್ನಲ್ಲಿ ಬರೆದು ಸೀಲ್ ಹೊಡೆದು ಕೊಟ್ರೆ, ಅದು ಅಂಗಡಿಯ ಮಾತು, ಕಂಪನಿಯದ್ದಲ್ಲ. ಬಕೆಟ್ ಮೇಲೆ ಅಚ್ಚಾಗಿರೋ ‘8 ವರ್ಷ’, ‘12 ವರ್ಷ’ ಕೂಡ ಅಷ್ಟೇ. ಅದರ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ನಕ್ಷತ್ರ ಚಿಹ್ನೆ ಇರುತ್ತೆ. ಆ ನಕ್ಷತ್ರ ಎಲ್ಲಿಗೆ ಕರ್ಕೊಂಡು ಹೋಗುತ್ತೆ ಅಂತ ಓದಿ.

ಅಂದ ಹಾಗೆ, ಗ್ಯಾರಂಟಿ ದೊಡ್ಡದು, ವಾರಂಟಿ ಚಿಕ್ಕದು ಅನ್ನೋ ಮಾತು ಅಂಗಡಿಗಳಲ್ಲಿ ತುಂಬಾ ಓಡಾಡುತ್ತೆ. ಕಾಗದದ ತಲೆಬರಹ ಏನೇ ಇರಲಿ, ಲೆಕ್ಕಕ್ಕೆ ಬರೋದು ಕೆಳಗಿನ ಷರತ್ತುಗಳು. ಅದರ ಮೇಲೆ ತಲೆ ಕೆಡಿಸ್ಕೋಬೇಡಿ.

ಸೋರಿದ್ರೆ ಏನು ಕೊಡ್ತಾರೆ?

ವರ್ಷದ ಸಂಖ್ಯೆ ನೋಡಿ ಖುಷಿ ಪಡೋ ಮೊದಲು ಹುಡುಕಬೇಕಾದ ಸಾಲು ಇದು. ದೋಷ ಸಾಬೀತಾದ್ರೆ ಅವರು ಏನು ಮಾಡ್ತಾರೆ? ಸಾಮಾನ್ಯವಾಗಿ ಮೂರರಲ್ಲಿ ಒಂದು. ಹೊಸ ವಸ್ತು ಮಾತ್ರ ಕೊಡ್ತಾರೆ. ಇಲ್ಲಾ ವಸ್ತುವಿನ ಬೆಲೆ ವಾಪಸ್ ಕೊಡ್ತಾರೆ. ಇಲ್ಲಾ ಬಂದು ರಿಪೇರಿ ಮಾಡಿಕೊಡ್ತಾರೆ. ಇದರಲ್ಲಿ ಮೂರನೇದು ಮಾತ್ರ ನಿಮ್ಮ ತಲೆಯಲ್ಲಿರೋ ‘ವಾರಂಟಿ’.

ಇನ್ನೊಂದು ಪದ ‘ಪ್ರೊ-ರೇಟಾ’. ಅಂದ್ರೆ ಉಳಿದಿರೋ ವರ್ಷದ ಲೆಕ್ಕಕ್ಕೆ ತಕ್ಕಷ್ಟು ಮಾತ್ರ ಪರಿಹಾರ. ಒಂದು ಲೆಕ್ಕ ಹಾಕೋಣ. ಇದು ಬರೀ ಉದಾಹರಣೆ, ನಿಮ್ಮ ಊರಿನ ರೇಟು ಬೇರೆ ಇರುತ್ತೆ. 10 ಚದರದ ತಾರಸಿ, ಅಂದ್ರೆ 1,000 ಚದರಡಿ. ಚದರಡಿಗೆ 60 ರೂಪಾಯಿಯ ಹಾಗೆ 60,000 ರೂಪಾಯಿ ಕೊಟ್ರಿ. ಅದರಲ್ಲಿ ವಸ್ತುವಿಗೆ 25,000, ಕೂಲಿ ಮತ್ತು ಉಳಿದದ್ದು 35,000. 10 ವರ್ಷದ ವಾರಂಟಿ, ಆರು ವರ್ಷ ಮುಗಿದ ಮೇಲೆ ಸೋರಿತು. ವಸ್ತುವಿಗೆ ಮಾತ್ರ, ಪ್ರೊ-ರೇಟಾ ಅಂತ ಇದ್ರೆ ನಿಮಗೆ ಸಿಗೋದು 25,000ದಲ್ಲಿ ಶೇ 40. ಅಂದ್ರೆ 10,000 ರೂಪಾಯಿ. ಹಳೇ ಕೋಟಿಂಗ್ ಕೆರೆದು ತೆಗೆಯೋ ಕೂಲಿ, ಹೊಸದಾಗಿ ಹಚ್ಚೋ ಕೂಲಿ ಎಲ್ಲಾ ನಿಮ್ಮ ಜೇಬಿನಿಂದ. ಕಾಗದದ ಮೇಲೆ ಮಾತ್ರ ನಿಮಗೆ ಇನ್ನೂ ನಾಲ್ಕು ವರ್ಷದ ವಾರಂಟಿ ಉಳಿದಿತ್ತು.

ಕೂಲಿ ಸೇರಿಸಿ, ಬಂದು ರಿಪೇರಿ ಮಾಡಿಕೊಡೋ 3 ವರ್ಷದ ವಾರಂಟಿ ಮತ್ತು ವಸ್ತುವಿಗೆ ಮಾತ್ರ ಇರೋ 10 ವರ್ಷದ ವಾರಂಟಿ, ಎರಡರಲ್ಲಿ ಒಂದು ಆರಿಸ್ಕೊ ಅಂದ್ರೆ ನಾನು ಮೊದಲನೇದನ್ನೇ ಆರಿಸ್ಕೋತೀನಿ. ಕೆಲಸ ಕೆಟ್ಟದಾಗಿದ್ರೆ ಮೊದಲ ಎರಡು ಮೂರು ಮಳೆಗಾಲದಲ್ಲೇ ಸಾಮಾನ್ಯವಾಗಿ ಗೊತ್ತಾಗಿಬಿಡುತ್ತೆ.

ಮತ್ತೆ, ಸೋರಿದ ನೀರಿಂದ ಹಾಳಾದ ಫಾಲ್ಸ್ ಸೀಲಿಂಗು, ವಾರ್ಡ್‌ರೋಬು, ಟಿವಿ, ಪೇಂಟು? ಬಹುತೇಕ ಎಲ್ಲಾ ವಾರಂಟಿ ಇದನ್ನ ಹೊರಗಿಟ್ಟಿರುತ್ತೆ. ‘ಪರೋಕ್ಷ ನಷ್ಟಕ್ಕೆ ನಾವು ಹೊಣೆ ಅಲ್ಲ’ ಅನ್ನೋ ಸಾಲು ಅದೇ.

ವಾರಂಟಿ ಮುರಿಯೋದು ಎಲ್ಲಿ

ಇದು ಸ್ವಲ್ಪ ಉದ್ದದ ಭಾಗ. ಯಾಕಂದ್ರೆ ವಾರಂಟಿ ಕ್ಲೇಮು ತಿರಸ್ಕಾರ ಆಗೋಕೆ ಕೊಡೋ ಕಾರಣಗಳು ಹೆಚ್ಚಾಗಿ ಇವೇ, ಮತ್ತು ಇದರಲ್ಲಿ ಅರ್ಧ ನಾವೇ ತಿಳಿಯದೇ ಮಾಡೋದು.

ಮೊದಲನೇದು ನಿಂತ ನೀರು. ತಾರಸಿಗೆ ನೀರು ಹರಿದು ಪೈಪಿಗೆ ಹೋಗೋ ಹಾಗೆ ಇಳಿಜಾರು ಇರಬೇಕು. ಮೇಸ್ತ್ರಿಗಳು ‘ವಾಟ’ ಅಂತಾರಲ್ಲ, ಅದೇ. ಕನಿಷ್ಠ 100ಕ್ಕೆ 1, ಅಂದ್ರೆ 10 ಅಡಿ ಉದ್ದಕ್ಕೆ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ ಇಳಿಬೇಕು. ಅನೇಕ ಕೋಟಿಂಗ್‌ಗಳ, ಅದರಲ್ಲೂ ಅಕ್ರಿಲಿಕ್ ಕೋಟಿಂಗ್‌ಗಳ ಷರತ್ತಿನಲ್ಲಿ ‘ನೀರು ನಿಲ್ಲೋ ಜಾಗಕ್ಕೆ ವಾರಂಟಿ ಇಲ್ಲ’ ಅಂತ ಇರುತ್ತೆ. ಸೋರೋದೇ ನೀರು ನಿಲ್ಲೋ ಕಡೆ ತಾನೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೇ ಕೋಟಿಂಗ್ ಹಚ್ಚೋ ಮೊದಲೇ ಒಂದು ಮಳೆ ಬಿದ್ದ ಮೇಲೆ ತಾರಸಿಗೆ ಹತ್ತಿ, ಎಲ್ಲಿ ನೀರು ನಿಂತಿದೆ ಅಂತ ಚಾಕ್‌ಪೀಸಿನಲ್ಲಿ ಗುರುತು ಹಾಕಿ ಫೋಟೊ ತೆಗೀಬೇಕು. ಆ ಜಾಗವನ್ನ ಗಾರೆ ಹಾಕಿ ಇಳಿಜಾರು ಸರಿ ಮಾಡೋದು ಕೊಟೇಶನ್‌ನಲ್ಲಿ ಇದೆಯಾ ಅಂತ ಕೇಳಬೇಕು.

ಎರಡನೇದು ಕಟ್ಟಡದ ಬಿರುಕು. ‘ಸ್ಟ್ರಕ್ಚರಲ್ ಕ್ರ್ಯಾಕ್’ಗೆ ವಾರಂಟಿ ಇಲ್ಲ ಅಂತ ಹೆಚ್ಚುಕಮ್ಮಿ ಎಲ್ಲರೂ ಬರೀತಾರೆ. ಇದು ಪೂರ್ತಿ ಅನ್ಯಾಯ ಅಲ್ಲ. ತಾರಸಿಯ ಕಾಂಕ್ರೀಟೇ ಕದಲಿದ್ರೆ ಒಂದೆರಡು ಮಿಲಿಮೀಟರ್ ದಪ್ಪದ ಕೋಟಿಂಗ್ ಏನು ಮಾಡುತ್ತೆ? ಆದ್ರೆ ಯಾವುದು ಸ್ಟ್ರಕ್ಚರಲ್, ಯಾವುದು ಬರೀ ಗಾರೆಯ ಕೂದಲೆಳೆ ಬಿರುಕು ಅಂತ ತೀರ್ಮಾನ ಮಾಡೋರು ಯಾರು? ಕಂಪನಿಯ ಇನ್ಸ್‌ಪೆಕ್ಟರೇ ಅಂತ ಕಾಗದದಲ್ಲಿದ್ರೆ, ಪಂದ್ಯ ಆಡೋರೇ ಅಂಪೈರ್ ಆದ ಹಾಗೆ. ಕೆಲಸಕ್ಕೆ ಮೊದಲು ಇರೋ ಬಿರುಕುಗಳ ಫೋಟೊ ತೆಗೆದು, ‘ಈ ಬಿರುಕುಗಳನ್ನ ನೋಡಿ, ತುಂಬಿ, ಒಪ್ಪಿ ಕೆಲಸ ಶುರು ಮಾಡಿದ್ದೇವೆ’ ಅಂತ ಒಂದು ಸಾಲು ಬರೆಸ್ಕೊಂಡ್ರೆ ಆಮೇಲೆ ಈ ಕಾರಣ ಹೇಳೋದು ಕಷ್ಟ.

ಮೂರನೇದು ತೂತು. ಡಿಶ್ ಆಂಟೆನಾ, ಬಟ್ಟೆ ಒಣಹಾಕೋ ಕಂಬ, ಹೊಸ ಟ್ಯಾಂಕಿನ ಸ್ಟ್ಯಾಂಡು. ಡ್ರಿಲ್ ಬಿಟ್ಟ ತಕ್ಷಣ ಆ ಭಾಗದ್ದು ಮಾತ್ರ ಅಲ್ಲ, ಕೆಲವು ಕಾಗದದ ಪ್ರಕಾರ ಪೂರ್ತಿ ತಾರಸಿಯ ವಾರಂಟಿ ಹೋಯ್ತು.

ಇಲ್ಲೇ ಸೋಲಾರ್ ವಿಷಯ ಬರುತ್ತೆ, ಇದನ್ನ ಸ್ವಲ್ಪ ಗಮನ ಇಟ್ಟು ಕೇಳಿ. 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಶುರುವಾಯ್ತು. 3 ಕಿಲೋವ್ಯಾಟ್ ಮತ್ತು ಅದಕ್ಕಿಂತ ಹೆಚ್ಚಿನದ್ದಕ್ಕೆ 78,000 ರೂಪಾಯಿವರೆಗೆ ಸಬ್ಸಿಡಿ ಇದೆ. ತುಂಬಾ ಮನೆಗಳವರು ಹಾಕಿಸ್ತಿದ್ದಾರೆ, ಒಳ್ಳೇದೇ. ಆದ್ರೆ ಪ್ಯಾನೆಲ್ ನಿಲ್ಲಿಸೋ ಕಬ್ಬಿಣದ ಕಾಲುಗಳನ್ನ ತಾರಸಿಗೆ ಬೋಲ್ಟ್ ಹೊಡೆದು ಕೂರಿಸಿದ್ರೆ ನಿಮ್ಮ ವಾಟರ್‌ಪ್ರೂಫಿಂಗ್ ವಾರಂಟಿ ಅವತ್ತೇ ಮುಗೀತು. ಇನ್ನೊಂದು ಲೆಕ್ಕ ನೋಡಿ. ಪ್ಯಾನೆಲ್‌ಗೆ ಸಾಮಾನ್ಯವಾಗಿ 25 ವರ್ಷದ ಪರ್ಫಾರ್ಮೆನ್ಸ್ ವಾರಂಟಿ. ಅದರ ಕೆಳಗಿರೋ ಕೋಟಿಂಗ್‌ಗೆ 5 ಅಥವಾ 10. ಅಂದ್ರೆ ಪ್ಯಾನೆಲ್‌ಗಳ ಆಯಸ್ಸಿನಲ್ಲಿ ಎರಡು ಮೂರು ಸಲ ಕೆಳಗಿನ ವಾಟರ್‌ಪ್ರೂಫಿಂಗ್ ಮತ್ತೆ ಮಾಡಿಸಬೇಕಾಗಬಹುದು, ಆಗ ಪ್ಯಾನೆಲ್ ಬಿಚ್ಚಿ ಕೂರಿಸೋ ಖರ್ಚು ಯಾರದ್ದು? ಯಾವ ವಾರಂಟಿಯೂ ಇದಕ್ಕೆ ಉತ್ತರ ಕೊಡಲ್ಲ.

ಸರಿಯಾದ ಕ್ರಮ ಹೀಗೆ: ಮೊದಲು ಪ್ಯಾನೆಲ್ ಎಲ್ಲಿ ಬರುತ್ತೆ ಅಂತ ಗುರುತು ಮಾಡಿ, ಕಾಲುಗಳು ಕೂರೋ ಕಡೆ ಕಾಂಕ್ರೀಟ್ ಪೀಠ ಕಟ್ಟಿಸಿ. ಆಮೇಲೆ ವಾಟರ್‌ಪ್ರೂಫಿಂಗ್, ಆ ಪೀಠಗಳ ಸುತ್ತ ಮೇಲಕ್ಕೆ ಎಳೆದು. ಅದಾದ ಮೇಲೆ ಪ್ಯಾನೆಲ್. ಈಗಾಗಲೇ ವಾಟರ್‌ಪ್ರೂಫಿಂಗ್ ಆಗಿದ್ರೆ ಆ ಕೆಲಸ ಮಾಡಿದವರಿಗೆ ಮೊದಲು ಬರೆದು ಕೇಳಿ, ಅವರು ಒಪ್ಪಿದ ವಿಧಾನದಲ್ಲೇ ಕೂರಿಸಿ.

ಇನ್ನು ಸಣ್ಣಪುಟ್ಟದ್ದು: ನೀರು ಹೋಗೋ ಪೈಪಿನ ಬಾಯಿ ಎಲೆ, ಕಸದಿಂದ ಕಟ್ಟಿಕೊಂಡಿದ್ರೆ ‘ನಿರ್ವಹಣೆ ಇಲ್ಲ’ ಅಂತ ಬರೀತಾರೆ. ಹೂಕುಂಡಗಳ ಕೆಳಗೆ ಸದಾ ಒದ್ದೆ ಇದ್ರೂ ಅದೇ ಮಾತು. ಬೇರೆ ಮೇಸ್ತ್ರಿ ಬಂದು ಒಂದು ಕಡೆ ಸಿಮೆಂಟ್ ಮೆತ್ತಿದ್ರೆ ‘ಬೇರೆಯವರು ಕೈ ಹಾಕಿದ್ದಾರೆ’ ಅಂತಾರೆ. ಸೋರಿಕೆ ಕಂಡ ಮೇಲೆ ಇಂತಿಷ್ಟು ದಿನದಲ್ಲಿ ಬರೆದು ತಿಳಿಸಬೇಕು ಅನ್ನೋ ಗಡುವು ಕೂಡ ಇರುತ್ತೆ, ಅದನ್ನ ಮಾತ್ರ ತಪ್ಪದೇ ನೋಡ್ಕೊಳ್ಳಿ. ಮನೆ ಮಾರಿದ್ರೆ ವಾರಂಟಿ ಹೊಸ ಮಾಲೀಕರಿಗೆ ಹೋಗಲ್ಲ ಅಂತಲೂ ಕೆಲವು ಕಡೆ ಇರುತ್ತೆ.

ಶೀಟ್ ಹಾಕಿಸೋರಿಗೆ

ಕರಾವಳಿ, ಮಲೆನಾಡಿನ ಕೇಳುಗರು ಇಷ್ಟೊತ್ತಿಗೆ ‘ನಮ್ಮ ಕಡೆ ಕೋಟಿಂಗ್ ನಂಬ್ಕೊಂಡು ಕೂರೋರು ಯಾರು’ ಅಂತ ನಗ್ತಿರಬಹುದು. ನಿಜ. ಬೆಂಗಳೂರಿಗೆ ವರ್ಷಕ್ಕೆ ಒಂದು ಸಾವಿರ ಮಿಲಿಮೀಟರ್‌ನ ಆಸುಪಾಸು ಮಳೆ ಆದ್ರೆ ಆಗುಂಬೆಯ ಸರಾಸರಿ ಏಳು ಸಾವಿರ ದಾಟುತ್ತೆ. ಅಲ್ಲಿ ಆರ್‌ಸಿಸಿ ಮನೆ ಕಟ್ಟಿದ ಮೇಲೂ ಅದರ ಮೇಲೊಂದು ಶೀಟಿನ ಮಾಡು ಹಾಕಿಸೋದು ಮಾಮೂಲು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾಗಿದ್ದು 1865ರಲ್ಲಿ. ಆ ಕಾಲದ ಹಂಚಿಗೆ ವಾರಂಟಿ ಕಾರ್ಡ್ ಇರಲಿಲ್ಲ, ಒಡೆದ ಹಂಚನ್ನ ತೆಗೆದು ಇನ್ನೊಂದು ಕೂರಿಸಿದ್ರೆ ಮುಗೀತು. ಶೀಟು ಹಾಗಲ್ಲ.

ಬಣ್ಣದ ಶೀಟಿನ ವಾರಂಟಿಯಲ್ಲಿ ಎರಡು ಭಾಗ ಇರಬಹುದು. ಒಂದು, ತುಕ್ಕು ಹಿಡಿದು ತೂತಾಗಲ್ಲ ಅನ್ನೋದು. ಎರಡು, ಬಣ್ಣ ಎದ್ದು ಬರಲ್ಲ ಅನ್ನೋದು. ಬಿಸಿಲಿಗೆ ಬಣ್ಣ ಮಾಸೋದು ಎರಡನೇದರಲ್ಲಿ ಸೇರದೇ ಇರಬಹುದು. ಕೇಳ್ಕೊಳ್ಳಿ. ಒಳಗಿನ ಉಕ್ಕನ್ನ ಕಾಯೋದು ಮೇಲಿನ ಲೋಹದ ಲೇಪನ. ಗ್ಯಾಲ್ವಾಲ್ಯೂಮ್ ಅಂತ ಕರೀತಾರಲ್ಲ, ಅದರಲ್ಲಿ ಶೇ 55 ಅಲ್ಯೂಮಿನಿಯಂ, ಉಳಿದದ್ದು ಬಹುಪಾಲು ಸತು. ಬಿಲ್‌ನಲ್ಲಿ ‘ಎಝಡ್ 150’ ಅಂತ ಇದ್ರೆ ಒಂದು ಚದರ ಮೀಟರ್‌ಗೆ ಎರಡೂ ಬದಿ ಸೇರಿ 150 ಗ್ರಾಂ ಲೇಪನ ಅಂತ ಅರ್ಥ. ‘ಎಝಡ್ 70’ ಅಂದ್ರೆ ಅರ್ಧಕ್ಕಿಂತ ಕಡಿಮೆ. ಎರಡೂ ಶೀಟು ನೋಡೋಕೆ ಒಂದೇ ಥರ ಇರುತ್ತೆ. ಹಾಗಾಗಿ ಈ ಸಂಖ್ಯೆ ಮತ್ತು ಶೀಟಿನ ದಪ್ಪ ಬಿಲ್‌ನಲ್ಲಿ ಬರೆದಿರಲೇಬೇಕು.

ಸಮುದ್ರದ ಹತ್ತಿರದ ಮನೆಗೆ, ಅಂದ್ರೆ ಉಪ್ಪಿನ ಗಾಳಿ ಬೀಸೋ ಜಾಗಕ್ಕೆ, ವಾರಂಟಿ ಇಲ್ಲ ಅಥವಾ ಕಡಿಮೆ ಅವಧಿಗೆ ಅಂತ ಷರತ್ತು ಇರೋದು ಸಾಮಾನ್ಯ. ಮಲ್ಪೆ, ಕಾರವಾರದ ಕಡೆಯವರು ಇದನ್ನ ಮೊದಲೇ ಬರವಣಿಗೆಯಲ್ಲಿ ಕೇಳಬೇಕು. ಹಾಗೇ ದನದ ಕೊಟ್ಟಿಗೆ, ಕೋಳಿ ಫಾರಂ. ಅಲ್ಲಿ ಏಳೋ ಅಮೋನಿಯಾ ಲೇಪನವನ್ನ ತಿನ್ನುತ್ತೆ, ಅದನ್ನೂ ಹೊರಗಿಟ್ಟಿರ್ತಾರೆ. ಇನ್ನು ಶೀಟನ್ನ ಸೈಟಿನಲ್ಲಿ ಗ್ರೈಂಡರ್ ಹಿಡಿದು ಕತ್ತರಿಸೋದನ್ನ ನೋಡಿರ್ತೀರಿ. ಕಿಡಿ ಹಾರಿ ಬಿದ್ದ ಕಡೆಯೆಲ್ಲಾ ಲೇಪನ ಸುಟ್ಟು, ಮೊದಲ ಮಳೆಗಾಲದಲ್ಲೇ ಕಂದು ಚುಕ್ಕೆ ಕಾಣಿಸುತ್ತೆ. ಕಂಪನಿ ಕೈ ತೊಳ್ಕೊಳ್ಳೋಕೆ ಅಷ್ಟು ಸಾಕು. ಶೀಟು ಕತ್ತರಿಸೋ ಕತ್ತರಿ ಅಥವಾ ನಿಬ್ಲರ್ ಬಳಸಿ ಅಂತ ಫ್ಯಾಬ್ರಿಕೇಟರ್‌ಗೆ ಮೊದಲೇ ಹೇಳಿ. ಮತ್ತೆ ಸ್ಕ್ರೂ. ಶೀಟಿನ ಮಾಡು ಸೋರಿದ್ರೆ ಮೊದಲು ನೋಡಬೇಕಾದ್ದು ಸ್ಕ್ರೂ ಕೆಳಗಿನ ರಬ್ಬರ್ ವಾಷರ್. ಅದು ಶೀಟಿನ ವಾರಂಟಿಯಲ್ಲಿ ಇರೋದೇ ಅಪರೂಪ.

ಫ್ಲ್ಯಾಟ್ ಆದ್ರೆ ಕಾನೂನೇ ವಾರಂಟಿ

ಫ್ಲ್ಯಾಟ್ ತಗೊಂಡವರಿಗೆ ಒಳ್ಳೇ ಸುದ್ದಿ ಇದೆ. ಬಿಲ್ಡರ್ ಯಾವ ವಾರಂಟಿ ಕಾರ್ಡ್ ಕೊಡದಿದ್ರೂ ನಡೆಯುತ್ತೆ. 2016ರ ರೇರಾ ಕಾಯ್ದೆಯ ಸೆಕ್ಷನ್ 14(3) ಪ್ರಕಾರ, ಮನೆ ಸ್ವಾಧೀನಕ್ಕೆ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ದೋಷ, ಕೆಲಸದ ದೋಷ, ಗುಣಮಟ್ಟದ ದೋಷವನ್ನ ಬಿಲ್ಡರ್ ಗಮನಕ್ಕೆ ತಂದ್ರೆ 30 ದಿನದಲ್ಲಿ ಹೆಚ್ಚಿನ ಹಣ ತಗೊಳ್ಳದೇ ಸರಿ ಮಾಡಿಕೊಡಬೇಕು. ಮಾಡದಿದ್ರೆ ಪರಿಹಾರ ಕೇಳೋ ಹಕ್ಕು ನಿಮಗಿದೆ. ಸೋರೋ ತಾರಸಿ ಇದರ ವ್ಯಾಪ್ತಿಗೆ ಬರುತ್ತೆ. ‘ವಾಟರ್‌ಪ್ರೂಫಿಂಗ್‌ಗೆ ಒಂದೇ ವರ್ಷ ವಾರಂಟಿ, ಅದು ಮುಗೀತು’ ಅಂತ ಬಿಲ್ಡರ್ ಕಡೆಯವರು ಹೇಳಿದ್ರೆ ಈ ಸೆಕ್ಷನ್ ಹೆಸರು ಹೇಳಿ ಇಮೇಲ್ ಹಾಕಿ. ಮೊದಲ ಮಾಲೀಕರಿಂದ ಕೊಂಡವರೂ ಕಾಯ್ದೆಯ ಅರ್ಥದಲ್ಲಿ ‘ಅಲಾಟಿ’ಗಳೇ, ಹಾಗಾಗಿ ಐದು ವರ್ಷದ ಒಳಗಿದ್ರೆ ಅವರೂ ಕೇಳಬಹುದು.

ಆದ್ರೆ 500 ಚದರ ಮೀಟರ್ ಮೀರದ ಜಾಗ ಅಥವಾ ಎಂಟಕ್ಕಿಂತ ಹೆಚ್ಚಿಲ್ಲದ ಫ್ಲ್ಯಾಟ್ ಇರೋ ಯೋಜನೆಗಳಿಗೆ ರೇರಾ ನೋಂದಣಿಯಿಂದ ವಿನಾಯಿತಿ ಇದೆ. 40x60 ಸೈಟಿನಲ್ಲಿ ಎದ್ದ ನಾಲ್ಕೈದು ಫ್ಲ್ಯಾಟಿನ ಕಟ್ಟಡದಲ್ಲಿ ಮನೆ ತಗೊಳ್ಳೋರು ಈ ಐದು ವರ್ಷದ ಮಾತನ್ನ ಸೇಲ್ ಅಗ್ರಿಮೆಂಟ್‌ನಲ್ಲೇ ಬರೆಸ್ಕೋಬೇಕು.

ಐದು ವರ್ಷ ಮುಗಿದ ಮೇಲೆ? ಟಾಪ್ ಫ್ಲೋರ್‌ನವರ ಸೀಲಿಂಗ್ ಒದ್ದೆ, ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಉಳಿದವರು ‘ನಿಮ್ಮ ಮನೆ ಸೋರೋದು, ನೀವೇ ಮಾಡಿಸ್ಕೊಳ್ಳಿ’ ಅಂತಾರೆ. ಇದು ಸರಿಯಲ್ಲ. ರೇರಾ ಕಾಯ್ದೆ ಸಾಮಾನ್ಯ ಟೆರೇಸನ್ನ, ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಛಾವಣಿಯನ್ನ ಎಲ್ಲರಿಗೂ ಸೇರಿದ ಭಾಗಗಳ ಪಟ್ಟಿಯಲ್ಲಿ ಇಟ್ಟಿವೆ. ತಾರಸಿ ಯಾರೋ ಒಬ್ಬರಿಗೇ ಬರೆದುಕೊಟ್ಟಿದ್ದಲ್ಲ ಅಂದ್ರೆ, ರಿಪೇರಿ ಖರ್ಚು ಗ್ರೌಂಡ್ ಫ್ಲೋರ್‌ನವರಿಗೂ ಸೇರಿದ್ದೇ. ವಾರಂಟಿಯನ್ನೂ ಅಸೋಸಿಯೇಷನ್ ಹೆಸರಿನಲ್ಲೇ ಬರೆಸಿ, ಕಮಿಟಿ ಬದಲಾದಾಗ ಫೈಲಿನ ಜೊತೆ ಕೈ ಬದಲಾಗಲಿ.

ಸ್ವಂತ ಸೈಟಿನಲ್ಲಿ ಕಾಂಟ್ರ್ಯಾಕ್ಟರ್ ಕೈಲಿ ಮನೆ ಕಟ್ಟಿಸೋರಿಗೆ ರೇರಾ ಇಲ್ಲ. ಅಲ್ಲಿ ಅಗ್ರಿಮೆಂಟೇ ಎಲ್ಲ. ಕೊನೆಯ ಕಂತಿನಲ್ಲಿ ಒಂದಿಷ್ಟು, ಶೇ 5 ಅಂತಿಟ್ಕೊಳ್ಳಿ, ಒಂದು ಪೂರ್ತಿ ಮಳೆಗಾಲ ಕಳೆದ ಮೇಲೆ ಕೊಡೋದು ಅಂತ ಅಗ್ರಿಮೆಂಟ್‌ಗೆ ಸೇರಿಸಿ. ನನ್ನ ಲೆಕ್ಕದಲ್ಲಿ ಯಾವ ವಾರಂಟಿ ಕಾರ್ಡಿಗಿಂತಲೂ ಇದು ಗಟ್ಟಿ.

ದುಡ್ಡು ಕೊಡೋ ಮೊದಲು

ಕೆಲಸ ಮುಗಿದ ಮೇಲೆ ಪಾಂಡಿಂಗ್ ಟೆಸ್ಟ್ ಮಾಡಿಸಿ. ನೀರು ಹೋಗೋ ಪೈಪಿನ ಬಾಯಿ ಮುಚ್ಚಿ, ತಾರಸಿಯಲ್ಲಿ ಒಂದೆರಡು ಇಂಚು ನೀರು ನಿಲ್ಲಿಸಿ, 48 ಗಂಟೆ ಬಿಟ್ಟು, ಕೆಳಗಿನ ಸೀಲಿಂಗ್ ನೋಡೋದು. ಎಷ್ಟು ಗಂಟೆ, ಯಾವಾಗ, ಬಾಕಿ ಹಣ ಇದಾದ ಮೇಲೆ ಅಂತ ಕೊಟೇಶನ್‌ನಲ್ಲೇ ಇರಲಿ. ಆದ್ರೆ ಒಂದು ಎಚ್ಚರಿಕೆ: 1,000 ಚದರಡಿಗೆ ಎರಡು ಇಂಚು ನೀರು ಅಂದ್ರೆ ಸುಮಾರು 4,700 ಲೀಟರ್, ಅಂದ್ರೆ 4.7 ಟನ್ ತೂಕ. ಹಳೇ ಮನೆ, ತಾರಸಿಯ ಕಂಬಿ ಕಾಣೋ ಹಾಗಿದ್ರೆ ಎಂಜಿನಿಯರ್‌ನ ಕೇಳದೇ ಇದನ್ನ ಮಾಡಬೇಡಿ.

ಖಾಲಿ ಬಕೆಟ್‌ಗಳನ್ನ ಒಟ್ಟಿಗೆ ಇಟ್ಟು ಒಂದು ಫೋಟೊ, ಬ್ಯಾಚ್ ನಂಬರ್ ಕಾಣೋ ಹಾಗೆ ಇನ್ನೊಂದು. ಎಷ್ಟು ಲೀಟರ್ ಬಳಸಿದ್ರು ಅನ್ನೋದಕ್ಕೆ ಅದೇ ಸಾಕ್ಷಿ. ಒಂದು ಲೀಟರ್ ಎಷ್ಟು ಚದರಡಿಗೆ ಬರುತ್ತೆ ಅಂತ ಕಂಪನಿಯ ಡೇಟಾ ಶೀಟ್‌ನಲ್ಲಿ ಇರುತ್ತೆ, ಭಾಗಾಕಾರ ಮಾಡಿ ನೋಡಿದ್ರೆ ಗೊತ್ತಾಗುತ್ತೆ.

ಮತ್ತೆ ಆ ಮಾತು, ‘ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಶೇ 18 ಉಳಿಯುತ್ತೆ ಸರ್.’ 60,000ದ ಕೆಲಸಕ್ಕೆ 10,800 ಉಳಿದ ಹಾಗೆ ಕಾಣುತ್ತೆ. ಆದ್ರೆ ಬಿಲ್ ಇಲ್ಲ ಅಂದ್ರೆ ಆ ಕೆಲಸ ನಡೆದೇ ಇಲ್ಲ ಅಂತ ನಾಳೆ ಅವರೇ ಹೇಳಬಹುದು. ಬಿಲ್ ತಗೊಳ್ಳಿ, ಹಣ ಯುಪಿಐ ಅಥವಾ ಬ್ಯಾಂಕ್ ಮೂಲಕ ಹೋಗಲಿ.

ಸೋರಿದ ಮೇಲೆ

ಮೊದಲು ನೀರು ಎಲ್ಲಿಂದ ಅಂತ ನೋಡಿ. ಬೇಸಿಗೆಯಲ್ಲೂ ಸೀಲಿಂಗ್ ಒದ್ದೆ ಇದ್ರೆ ಅದು ಮಳೆ ನೀರಾಗಿರೋದು ಕಷ್ಟ, ಪೈಪೋ ಟ್ಯಾಂಕೋ ಇರಬೇಕು. ಅದಕ್ಕೆ ತಾರಸಿ ವಾರಂಟಿ ಅನ್ವಯ ಆಗಲ್ಲ. ಮಳೆ ಬಂದಾಗ ಮಾತ್ರ ಅಂದ್ರೆ ದಿನಾಂಕ ಕಾಣೋ ಹಾಗೆ ಫೋಟೊ, ವಿಡಿಯೊ ತೆಗೆದು, ಕೆಲಸ ಮಾಡಿದವರಿಗೂ ಕಂಪನಿಗೂ ಒಂದೇ ಇಮೇಲ್ ಹಾಕಿ, ಇಬ್ಬರ ಹೆಸರೂ ಇಬ್ಬರಿಗೂ ಕಾಣಲಿ. ಒಬ್ಬರ ಮೇಲೊಬ್ಬರು ಹಾಕೋ ಆಟ ಇದರಿಂದ ಪೂರ್ತಿ ನಿಲ್ಲದಿದ್ರೂ ಬರವಣಿಗೆಯಲ್ಲಿ ದಾಖಲಾಗುತ್ತೆ. ಅವರು ಬಂದು ನೋಡೋವರೆಗೆ ಬೇರೆಯವರಿಂದ ರಿಪೇರಿ ಮಾಡಿಸಬೇಡಿ, ಟಾರ್ಪಾಲ್ ಹೊದಿಸಿ. ಹಾಗಂತ ವರ್ಷಗಟ್ಟಲೆ ಕಾಯೋದೂ ಬೇಡ. ಒಳಗೆ ನೀರು ಹೋದ್ರೆ ಕಂಬಿ ತುಕ್ಕು ಹಿಡಿದು ಉಬ್ಬುತ್ತೆ, ಕಾಂಕ್ರೀಟ್ ಚಕ್ಕೆ ಕಳಚಿ ಬೀಳೋಕೆ ಶುರುವಾಗುತ್ತೆ. ಆಗ ಅದು 60,000ದ ಮಾತಾಗಿ ಉಳಿಯಲ್ಲ. ಎಷ್ಟು ದಿನದಲ್ಲಿ ಬರಬೇಕು ಅಂತ ಇಮೇಲ್‌ನಲ್ಲೇ ಗಡುವು ಕೊಡಿ. ಬರದಿದ್ರೆ ಎಂಜಿನಿಯರ್ ಒಬ್ಬರಿಂದ ರಿಪೋರ್ಟ್ ಬರೆಸಿಕೊಂಡು ರಿಪೇರಿ ಮಾಡಿಸಿ, ಬಿಲ್ ಇಟ್ಕೊಳ್ಳಿ.

ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ಅವರು ಆದೇಶ ಹೊರಡಿಸಲ್ಲ, ದೂರನ್ನ ಕಂಪನಿಗೆ ಮುಟ್ಟಿಸಿ ಉತ್ತರ ಕೇಳ್ತಾರೆ. ದೊಡ್ಡ ಕಂಪನಿಗಳ ಜೊತೆ ಇಷ್ಟರಲ್ಲೇ ಮುಗಿಯೋ ಸಾಧ್ಯತೆ ಇದೆ. ಮುಗೀಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರೋ ಅಥವಾ ಕೆಲಸ ಮಾಡೋ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಆಫೀಸು ಮುಂಬೈನಲ್ಲಿದ್ರೂ ಅಲ್ಲಿಗೆ ಹೋಗಬೇಕಿಲ್ಲ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ, ಮೊದಲು ಇ-ದಾಖಿಲ್ ಅಂತ ಇತ್ತಲ್ಲ, ಆನ್‌ಲೈನಿನಲ್ಲೇ ಸಲ್ಲಿಸಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ‘ಮುಂದಿನ ಮಳೆಗಾಲಕ್ಕೆ ನೋಡೋಣ ಸರ್’ ಅನ್ನೋ ಮಾತನ್ನ ಎರಡು ಸಲ ನಂಬಿದ್ರೆ ಆ ಎರಡು ವರ್ಷ ಕಳೆದೇ ಹೋಗುತ್ತೆ. ಅದಕ್ಕೇ ಅಂಥ ಪ್ರತಿ ಮಾತನ್ನೂ ಫೋನ್ ಕಾಲ್‌ನಲ್ಲಿ ಕೇಳಿ ಸುಮ್ಮನಾಗಬೇಡಿ, ಮೆಸೇಜಿನಲ್ಲಿ ಬರೆಸ್ಕೊಳ್ಳಿ. ಆ ಚಾಟನ್ನ ಫೋನ್ ಬದಲಾಯಿಸುವಾಗ ಬ್ಯಾಕಪ್ ತಗೊಳ್ಳೋದನ್ನ ಮರೀಬೇಡಿ.